ಪಂದ್ಯದ ಉತ್ತರಾರ್ಧ: ಒಂದು ರಾಜಕೀಯ ಭಾಷಣದ ವಿಮರ್ಶೆ

ಭಾಷಣವೂ ಒಂದು ಸಾಹಿತ್ಯಪ್ರಕಾರವೆಂದು ಒಪ್ಪಲು ಅನೇಕರು ಹಿಂಜರಿಯುವರು. ಕಾವ್ಯವು ರಸಕ್ಕಾಗಿಯೂ ಭಾಷಣವು ಕಾರ್ಯಕ್ಕಾಗಿಯೂ ಹುಟ್ಟಿದುದೆಂಬುದು ಅವರ ವಾದ. ಆದರೆ ಕಾರ್ಯಕ್ಕಾಗಿ ಹುಟ್ಟಿದ ಮಾತಿನಲ್ಲಿಯೇ ಅಲಂಕಾರವನ್ನು ಹೆಚ್ಚು ಎಚ್ಚರಿಕೆಯಿಂದ ಪರೀಕ್ಷಿಸಬೇಕಾಗಿದೆ. ಕಾವ್ಯದಲ್ಲಿ ರೂಪಕವು ಕೆಟ್ಟರೆ ಪದ್ಯವೊಂದು ಕೆಡುವುದು. ರಾಜ್ಯಕಾರ್ಯದಲ್ಲಿ ರೂಪಕವು ಕೆಟ್ಟರೆ ಜನರ ವಿವೇಕವೇ ದಾರಿ ತಪ್ಪಬಹುದು. 2006ನೆಯ ಇಸವಿ ಆಗಸ್ಟ್ 8ರ ರಾತ್ರಿ ಅಮೆರಿಕಾದ ಕಾನೆಕ್ಟಿಕಟ್ ಸಂಸ್ಥಾನದಲ್ಲಿ ಸೆನೆಟರ್ ಜೋಸೆಫ್ ಲೀಬರ್‌ಮನ್ನರು ಮಾಡಿದ ಕಿರುಭಾಷಣವು ಈ ದೃಷ್ಟಿಯಿಂದ ವಿಮರ್ಶೆಗೆ ಯೋಗ್ಯವಾದುದು.

ಸಂದರ್ಭವನ್ನು ಮೊದಲು ತಿಳಿಯಬೇಕು. ಆ ದೇಶದಲ್ಲಿ ಪಕ್ಷದ ಉಮೇದುವಾರನನ್ನು ಆರಿಸುವವರು ಮುಖಂಡರಲ್ಲ. ಪ್ರಾಥಮಿಕ ಚುನಾವಣೆಯೆಂಬ ಮೊದಲ ಮತದಾನದಲ್ಲಿ ಪಕ್ಷದ ಸಾಮಾನ್ಯ ಮತದಾರರೇ ಆರಿಸುವರು. ಲೀಬರ್‌ಮನ್ನರು 1988ರಲ್ಲಿ ಡೆಮೊಕ್ರಾಟಿಕ್ ಪಕ್ಷದಿಂದ ಸೆನೆಟ್ ಸಭೆಗೆ ಆಯ್ಕೆಯಾದವರು; 2000ದಲ್ಲಿ ಅದೇ ಪಕ್ಷದ ಉಪಾಧ್ಯಕ್ಷ ಪದವಿಯ ಉಮೇದುವಾರರಾಗಿದ್ದವರು. ಇರಾಕ್ ಯುದ್ಧವನ್ನು ಬಿಡದೆ ಸಮರ್ಥಿಸಿದುದರಿಂದ ಪಕ್ಷದ ಮತದಾರರಲ್ಲಿ ಅಸಮಾಧಾನವು ಬೆಳೆಯಿತು. ನೆಡ್ ಲ್ಯಾಮೊಂಟರೆಂಬ ಉದ್ಯಮಿಯು ಅವರಿಗೆ ಎದುರಾಗಿ ನಿಂತು ಶೇಕಡಾ 52ರಷ್ಟು ಮತಗಳನ್ನು ಪಡೆದರು. ಲೀಬರ್‌ಮನ್ನರಿಗೆ 48ರಷ್ಟು ಬಂದುವು. ಸೋಲು ಚಿಕ್ಕದು, ಆದರೆ ಸೋಲೇ.

ಸೋತವನು ಆ ರಾತ್ರಿ ಏನು ಹೇಳಬೇಕೆಂಬುದಕ್ಕೆ ಅಮೆರಿಕಾದಲ್ಲಿ ಒಂದು ಸಂಪ್ರದಾಯವಿದೆ. ಗೆದ್ದವನನ್ನು ಅಭಿನಂದಿಸುವುದು, ಬೆಂಬಲಿಗರಿಗೆ ವಂದಿಸುವುದು, ಜನರ ತೀರ್ಪಿಗೆ ತಲೆಬಾಗುವುದು: ಇವು ಅದರ ಮೂರು ಅಂಗಗಳು. ಲೀಬರ್‌ಮನ್ನರು ಮೊದಲಿನ ಎರಡನ್ನು ನೆರವೇರಿಸಿ ಮೂರನೆಯದರ ಸ್ಥಾನದಲ್ಲಿ ಒಂದು ರೂಪಕವನ್ನು ಇಟ್ಟರು. ಈಗ ಮುಗಿದುದು ಪಂದ್ಯದ ಪೂರ್ವಾರ್ಧ ಮಾತ್ರ. ಲ್ಯಾಮೊಂಟರ ತಂಡವು ಮುಂದಿದೆ. ಉತ್ತರಾರ್ಧದಲ್ಲಿ ಕಾನೆಕ್ಟಿಕಟ್‌ನ ತಂಡವು ಮುನ್ನುಗ್ಗಿ ನವೆಂಬರಿನಲ್ಲಿ ಗೆಲ್ಲುವುದೆಂದು ಅವರು ಸಾರಿದರು.

ಕಿವಿಗೆ ಇದು ಹಿತವಾದ ಮಾತು. ಆಟವನ್ನು ನೋಡಿದ ಯಾರಿಗಾದರೂ ಕೂಡಲೆ ತಿಳಿಯುವಂಥದು. ಸೋತವರ ಮನಸ್ಸಿಗೆ ಧೈರ್ಯ ಕೊಡುವಂಥದು. ಆದರೆ ಉಪಮಾನಕ್ಕೂ ಉಪಮೇಯಕ್ಕೂ ಇರುವ ಸಾಮ್ಯವನ್ನು ಶೋಧಿಸಿದರೆ ರೂಪಕವು ನಿಲ್ಲುವುದಿಲ್ಲ. ಪಂದ್ಯದ ಎರಡು ಅರ್ಧಗಳಲ್ಲಿ ಆಟಗಾರರು ಅವರೇ, ನಿಯಮಗಳು ಅವೇ, ತೀರ್ಪುಗಾರನೂ ಅವನೇ. ಪೂರ್ವಾರ್ಧದ ಅಂಕಗಳು ಉತ್ತರಾರ್ಧಕ್ಕೆ ಸೇರಿಕೊಳ್ಳುವುವು. ಇಲ್ಲಿ ಹಾಗಿಲ್ಲ. ಆಗಸ್ಟ್ ತಿಂಗಳಲ್ಲಿ ತೀರ್ಪು ಕೊಟ್ಟವರು ಒಂದು ಪಕ್ಷದ ಮತದಾರರು. ನವೆಂಬರಿನಲ್ಲಿ ಕೊಡತಕ್ಕವರು ಸಂಸ್ಥಾನದ ಸಮಸ್ತ ಮತದಾರರು. ಮೊದಲಿನದರ ಪ್ರಶ್ನೆ, ಈ ಪಕ್ಷದ ಪರವಾಗಿ ಯಾರು ನಿಲ್ಲಬೇಕೆಂಬುದು. ಎರಡನೆಯದರ ಪ್ರಶ್ನೆ, ಸಂಸ್ಥಾನದ ಪರವಾಗಿ ಯಾರು ಕೂರಬೇಕೆಂಬುದು. ಮೊದಲನೆಯ ಪಂದ್ಯವು ಆ ರಾತ್ರಿಯೇ ಪೂರ್ತಿಯಾಗಿ ಮುಗಿಯಿತು. ಸೋತವರು ಬೇರೊಂದು ಪಂದ್ಯಕ್ಕೆ ಬೇರೊಂದು ತಂಡವನ್ನು ಕಟ್ಟಿಕೊಂಡು ಹೊರಟಿದ್ದರು. ಅದು ತಪ್ಪಲ್ಲದಿರಬಹುದು, ಆದರೆ ಅದನ್ನು ಅದೇ ಪಂದ್ಯವೆಂದು ಕರೆಯುವುದು ಅನೌಚಿತ್ಯ.

ಭಾಷಣದ ಸರ್ವನಾಮಗಳನ್ನೂ ಗಮನಿಸತಕ್ಕದ್ದು. ನಮ್ಮ ಸಂಸ್ಥಾನ, ನಮ್ಮ ದೇಶ ಹಾಗೂ ನನ್ನ ಪಕ್ಷ, ಈ ಮೂರರ ಹಿತಕ್ಕಾಗಿ ಆ ಫಲಿತಾಂಶವನ್ನು ನಿಲ್ಲಗೊಡೆನೆಂಬುದು ಅವರ ಪ್ರತಿಜ್ಞೆಯ ಸಾರ. ಸಂಸ್ಥಾನವೂ ದೇಶವೂ ‘ನಮ್ಮ’ವಾದುವು, ಪಕ್ಷವೊಂದೇ ‘ನನ್ನ’ದಾಯಿತು. ಯಾವ ಪಕ್ಷವು ಕೆಲವೇ ಗಂಟೆಗಳ ಹಿಂದೆ ಇವರನ್ನು ಒಲ್ಲೆನೆಂದಿತೋ ಅದೇ ಪಕ್ಷದ ಮೇಲೆ ಈ ಒಡೆತನ! ವಾಚ್ಯಾರ್ಥದಲ್ಲಿ ಇದು ನಿಷ್ಠೆಯ ಮಾತು. ಧ್ವನಿಯಲ್ಲಿ ಪಕ್ಷಕ್ಕಿಂತ ಪಕ್ಷದ ಹಿತವನ್ನು ತಾನೇ ಬಲ್ಲೆನೆಂಬ ಅಹಂಕಾರದ ಛಾಯೆಯಿದೆ. ಅವರು ಸ್ಥಾಪಿಸಿದ ಹೊಸ ಪಕ್ಷದ ಹೆಸರೂ ಇದನ್ನೇ ನುಡಿಯುವುದು. ಅದು ‘ಲೀಬರ್‌ಮನ್ನರಿಗಾಗಿ ಕಾನೆಕ್ಟಿಕಟ್’. ಮನುಷ್ಯನು ಸಂಸ್ಥಾನಕ್ಕಾಗಿ ಅಲ್ಲ, ಸಂಸ್ಥಾನವೇ ಮನುಷ್ಯನಿಗಾಗಿ. ಹೆಸರಿಗೆ ಪಕ್ಷ, ವಸ್ತುತಃ ಒಬ್ಬನ ಉಮೇದುವಾರಿಕೆ. ಮುಂದೆ ಲೀಬರ್‌ಮನ್ನರು ಅದಕ್ಕೆ ಸೇರದೆ ಡೆಮೊಕ್ರಾಟರಾಗಿಯೇ ಉಳಿದಾಗ ಅವರ ಟೀಕಾಕಾರರಾದ ಪ್ರಾಧ್ಯಾಪಕರೊಬ್ಬರು ಆ ಪಕ್ಷದಲ್ಲಿ ಹೆಸರು ನೊಂದಾಯಿಸಿ ತಾವೇ ಅಧ್ಯಕ್ಷರಾದರು. ಒಡೆಯನೇ ಒಳಹೋಗದ ಮನೆಗೆ ಅಣಕಿಸುವವನು ಯಜಮಾನನಾದ ಈ ಪ್ರಸಂಗವನ್ನು ಪ್ರಹಸನಕಾರನೂ ಕಲ್ಪಿಸಲಾರನು.

ಆದರೆ ವಿಮರ್ಶಕನು ಒಂದೇ ಕಡೆಯ ತಕ್ಕಡಿಯನ್ನು ಹಿಡಿಯಬಾರದು. ಪ್ರಾಥಮಿಕ ಚುನಾವಣೆಯಲ್ಲಿ ಮತ ಹಾಕಿದವರು 3 ಲಕ್ಷಕ್ಕೂ ಕಡಮೆ; ನವೆಂಬರಿನಲ್ಲಿ ಮತ ಹಾಕಿದವರು 11 ಲಕ್ಷಕ್ಕೂ ಮಿಗಿಲು. ಕಾಲುಭಾಗದ ಜನರ ತೀರ್ಪು ಉಳಿದವರ ಬಾಯನ್ನು ಮುಚ್ಚಬೇಕೆ ಎಂಬ ಪ್ರಶ್ನೆಯಲ್ಲಿ ಹುರುಳಿದೆ. ಅಮೆರಿಕಾದ ಬಹುತೇಕ ಸಂಸ್ಥಾನಗಳಲ್ಲಿ, ಪ್ರಾಥಮಿಕದಲ್ಲಿ ಸೋತವನು ಮತ್ತೆ ಸ್ವತಂತ್ರನಾಗಿ ನಿಲ್ಲದಂತೆ ಕಟ್ಟಳೆಗಳಿವೆ. ‘ಸೋತು ಮುನಿದವನ ಕಾನೂನು’ ಎಂದು ಅವನ್ನು ಹಾಸ್ಯವಾಗಿ ಕರೆಯುವರು. ಕಾನೆಕ್ಟಿಕಟ್‌ನಲ್ಲಿ ಅಂಥ ಕಟ್ಟಳೆಯಿರಲಿಲ್ಲ. ಆದುದರಿಂದ ಲೀಬರ್‌ಮನ್ನರು ನ್ಯಾಯವನ್ನು ಮೀರಿದವರಲ್ಲ. ಫಲಿತಾಂಶವೂ ಅವರ ಕಡೆಗೇ ಆಯಿತು. ಅವರಿಗೆ ಶೇಕಡಾ 50ಕ್ಕೆ ಸ್ವಲ್ಪ ಕಡಮೆ, ಲ್ಯಾಮೊಂಟರಿಗೆ ಸುಮಾರು 40, ರಿಪಬ್ಲಿಕನ್ ಉಮೇದುವಾರರಿಗೆ 10ಕ್ಕೂ ಕಡಮೆ ಮತಗಳು ಬಂದುವು. ಮತಗಟ್ಟೆಯ ಹೊರಗೆ ವಿಚಾರಿಸಿ ತಿಳಿದ ಲೆಕ್ಕದಂತೆ ರಿಪಬ್ಲಿಕನ್ ಮತದಾರರಲ್ಲಿ ಹತ್ತಕ್ಕೆ ಸುಮಾರು ಏಳು ಮಂದಿ ಇವರಿಗೆ ಮತವಿತ್ತರು. ಉತ್ತರಾರ್ಧವನ್ನು ಗೆಲ್ಲಿಸಿದವರು ಪೂರ್ವಾರ್ಧದಲ್ಲಿ ಮೈದಾನಕ್ಕೇ ಇಳಿಯದವರು.

ಹಾಗಾದರೆ ದೋಷವೆಲ್ಲಿ? ಮತ್ತೆ ನಿಂತುದರಲ್ಲಿ ಅಲ್ಲ. ಎರಡು ನ್ಯಾಯಾಸನಗಳ ಮುಂದೆ ಒಂದೇ ಕಾಲದಲ್ಲಿ ಕೈಮುಗಿದುದರಲ್ಲಿ. ಸೋತರೆ ಬೇರೆ ನಿಲ್ಲುವೆನೆಂದು ಜುಲೈ ತಿಂಗಳಲ್ಲಿಯೇ ಪ್ರಕಟಿಸಿ ಅವರು ಸಹಿಗಳನ್ನು ಸಂಗ್ರಹಿಸತೊಡಗಿದ್ದರು. ಪಕ್ಷದವರ ತೀರ್ಪನ್ನು ಬೇಡುವಾಗಲೇ ಅದು ವಿರುದ್ಧವಾದರೆ ಒಪ್ಪೆನೆಂಬ ನಿಶ್ಚಯವಿತ್ತು. ಬಚ್ಚಿಡದೆ ಹೇಳಿದುದು ಪ್ರಾಮಾಣಿಕತೆಯೆಂದು ಕೆಲವರು ಹೊಗಳುವರು. ಆದರೆ ಗೆದ್ದರೆ ಮಾತ್ರ ಒಪ್ಪುವ ತೀರ್ಪನ್ನು ಕೇಳುವುದು ಕೇಳುವುದೇ ಅಲ್ಲ. ಪುರಾಣದ ವಿಭೀಷಣನು ಅಣ್ಣನ ಪಕ್ಷವನ್ನು ಬಿಟ್ಟುದು ಯುದ್ಧಕ್ಕೆ ಮೊದಲು. ಪಂಪನ ಕರ್ಣನು ತನ್ನ ಜನ್ಮವನ್ನು ತಿಳಿದ ಮೇಲೆಯೂ ಅನ್ನವಿತ್ತವನನ್ನು ಬಿಡಲಿಲ್ಲ. ಬಿಟ್ಟವನಿಗೂ ಉಳಿದವನಿಗೂ ನಮ್ಮ ಕವಿಗಳು ಗೌರವವನ್ನಿತ್ತಿದ್ದಾರೆ. ಏಕೆಂದರೆ ಇಬ್ಬರೂ ಬೆಲೆ ತೆತ್ತವರು. ಬಿಟ್ಟೂ ಬಿಡದ ಮೂರನೆಯವನಿಗೆ ಕಾವ್ಯದಲ್ಲಿ ಪಾತ್ರ ದೊರೆಯುವುದು ಕಷ್ಟ.

ಇದಕ್ಕೆ ಪ್ರತಿಯಾಗಿ 2010ರ ಅಲಾಸ್ಕಾ ಸಂಸ್ಥಾನದ ಪ್ರಸಂಗವನ್ನು ಇಡಬಹುದು. ಅಲ್ಲಿ ಸೆನೆಟರ್ ಲೀಸಾ ಮರ್ಕೌಸ್ಕಿಯವರು ರಿಪಬ್ಲಿಕನ್ ಪ್ರಾಥಮಿಕದಲ್ಲಿ ಜೋ ಮಿಲ್ಲರ್ ಎಂಬವರಿಗೆ ಸೋತರು. ಮತಪತ್ರದಲ್ಲಿ ಹೆಸರು ಅಚ್ಚಾಗುವ ಅವಕಾಶವು ತಪ್ಪಿದುದರಿಂದ, ಮತದಾರನೇ ತನ್ನ ಕೈಯಿಂದ ಹೆಸರನ್ನು ಬರೆಯಬೇಕಾದ ಕಠಿಣ ಮಾರ್ಗವನ್ನು ಹಿಡಿದರು. ಬಾಯಿಗೂ ಲೇಖನಿಗೂ ಸುಲಭವಲ್ಲದ ಆ ಹೆಸರನ್ನು ಒಂದು ಲಕ್ಷಕ್ಕೂ ಮಿಗಿಲಾದ ಜನರು ಬರೆದರು. ಕಾಗುಣಿತದ ತಪ್ಪಿದ್ದ ಮತಗಳನ್ನು ತಳ್ಳಿಬಿಡಬೇಕೆಂದು ಮಿಲ್ಲರರು ನ್ಯಾಯಾಲಯಕ್ಕೆ ಹೋದರು; ಮತದಾರನ ಅಭಿಪ್ರಾಯವೇ ಮುಖ್ಯ, ಅಕ್ಷರದೋಷವಲ್ಲ ಎಂದು ನ್ಯಾಯಾಲಯವು ತೀರ್ಮಾನಿಸಿತು. ಇಲ್ಲಿ ಅಲಂಕಾರಕ್ಕೆ ಎಡೆಯೇ ಇಲ್ಲ. ಜನರು ತನ್ನನ್ನು ಬಯಸುವರೆಂದು ಸೋತವರು ಹೇಳಿಕೊಳ್ಳಬೇಕಾಗಲಿಲ್ಲ. ಜನರೇ ಅದನ್ನು ಬರೆದು ತೋರಿಸಿದರು.

ಲೀಬರ್‌ಮನ್ನರ ಮುಂದಿನ ಚರಿತ್ರೆಯು ಅವರ ಸರ್ವನಾಮಕ್ಕೆ ಭಾಷ್ಯದಂತಿದೆ. 2007ರಲ್ಲಿ ಅವರು ಡೆಮೊಕ್ರಾಟರೊಡನೆಯೇ ಕುಳಿತರು. 51ಕ್ಕೆ 49ರಂತಿದ್ದ ಸೆನೆಟ್ಟಿನಲ್ಲಿ ಆ ಪಕ್ಷದ ಬಹುಮತವು ಅವರನ್ನು ಅವಲಂಬಿಸಿತ್ತು. 2008ರಲ್ಲಿ ಅಧ್ಯಕ್ಷ ಪದವಿಗೆ ರಿಪಬ್ಲಿಕನ್ ಜಾನ್ ಮೆಕೇನರನ್ನು ಬೆಂಬಲಿಸಿ ಆ ಪಕ್ಷದ ಮಹಾಸಭೆಯಲ್ಲಿ ಮಾತನಾಡಿದರು. 2009ರಲ್ಲಿ ಆರೋಗ್ಯವಿಮೆಯ ಮಸೂದೆಗೆ ಅವಶ್ಯವಾದ 60 ಮತಗಳಲ್ಲಿ ತಮ್ಮದನ್ನು ಸೇರಿಸಿದರು. ಆದರೆ ಸರಕಾರವೇ ನಡೆಸಬೇಕೆಂದಿದ್ದ ವಿಮೆಯ ಭಾಗವನ್ನು ಬಿಡಿಸಿಯೇ ಸೇರಿಸಿದರು. 2012ರಲ್ಲಿ ಅವರು ಮತ್ತೆ ನಿಲ್ಲಲಿಲ್ಲ. 2024ರ ಮಾರ್ಚಿಯಲ್ಲಿ ತೀರಿಕೊಂಡರು. ಅವರ ಸ್ವಾತಂತ್ರ್ಯವು ಸುಳ್ಳಾಗಿತ್ತೆಂದು ಹೇಳುವಂತಿಲ್ಲ. ಆದರೆ ಸ್ವಾತಂತ್ರ್ಯವೆಂಬ ಪದವನ್ನು ಆ ರಾತ್ರಿಯೇ ನೇರವಾಗಿ ನುಡಿದು, ಪಕ್ಷವು ತನ್ನನ್ನು ಬಿಟ್ಟಿತು, ತಾನೂ ಅದನ್ನು ಬಿಡುವೆನು, ಇನ್ನು ಎಲ್ಲ ಜನರ ಮುಂದೆ ಹೊಸದಾಗಿ ನಿಲ್ಲುವೆನು ಎಂದಿದ್ದರೆ, ಆ ಭಾಷಣವು ಸೋಲಿನ ಭಾಷಣಗಳಲ್ಲಿ ಶ್ರೇಷ್ಠವಾದುದೆನಿಸುತ್ತಿತ್ತು.

ಚುನಾವಣೆಯಲ್ಲಿ ಸೋತವನಿಗೆ ಮತ್ತೆ ಗೆಲ್ಲುವ ದಾರಿಗಳು ಹಲವಿರಬಹುದು. ಸೋತೆನೆಂದು ಹೇಳುವ ಮಾತು ಮಾತ್ರ ಒಂದೇ. ಅದನ್ನು ರೂಪಕದಿಂದ ಮುಚ್ಚಿದವನು ನವೆಂಬರಿನಲ್ಲಿ ಪದವಿಯನ್ನು ಪಡೆದರೂ ಆಗಸ್ಟ್ ತಿಂಗಳ ಮಾತಿಗೆ ಉತ್ತರ ಹೇಳಬೇಕಾದ ಹೊಣೆಯಿಂದ ಬಿಡುಗಡೆ ಹೊಂದಲಾರನು.