ಹೇನು ನೋಡುವ ಕೈ, ಹರಟೆ ಹೊಡೆಯುವ ಬಾಯಿ

ಮನುಷ್ಯ ಮಾತು ಕಲಿತದ್ದು ಯಾಕೆ? ಬೇಟೆಗೆ ಹೊಂಚು ಹಾಕೋಕೆ, ಕಲ್ಲಿನ ಆಯುಧ ಮಾಡೋದನ್ನ ಹೇಳಿಕೊಡೋಕೆ ಅಂತ ನಾನು ಅಂದುಕೊಂಡಿದ್ದೆ. ಹರಟೆ ಹೊಡೆಯೋಕೆ ಅಂತಾರೆ ರಾಬಿನ್ ಡನ್‌ಬಾರ್. ಇಥಿಯೋಪಿಯಾದ ಬೆಟ್ಟಗಳಲ್ಲಿ ಗೆಲಾಡ ಕೋತಿಗಳ ಹಿಂದೆ ಅಲೆದ ವಿಜ್ಞಾನಿ ಇವರು. ಪುಸ್ತಕ 1996ರದ್ದು: 'ಗ್ರೂಮಿಂಗ್, ಗಾಸಿಪ್ ಅಂಡ್ ದಿ ಎವಲ್ಯೂಷನ್ ಆಫ್ ಲ್ಯಾಂಗ್ವೇಜ್'.

ವಾದ ಸರಳ. ಕೋತಿಗಳು ಒಂದರ ಮೈಯನ್ನು ಇನ್ನೊಂದು ಹೆಕ್ಕುತ್ತಾ ಕೂರೋದು ಬರೀ ಹೇನಿಗಾಗಿ ಅಲ್ಲ, ಸ್ನೇಹಕ್ಕಾಗಿ. ಗುಂಪು ದೊಡ್ಡದಾದಷ್ಟೂ ಹೆಕ್ಕಬೇಕಾದ ಮೈಗಳೂ ಜಾಸ್ತಿ. ಮಿದುಳಿನ ಗಾತ್ರದ ಲೆಕ್ಕದಲ್ಲಿ ಮನುಷ್ಯರ ಗುಂಪು ಸುಮಾರು 150. ಅಷ್ಟು ಜನರನ್ನು ಕೈಯಿಂದಲೇ ಸಂಭಾಳಿಸಬೇಕಾದರೆ ದಿನದ ಶೇ. 40ರಷ್ಟು ಹೊತ್ತು ಅದಕ್ಕೇ ಬೇಕು. ಊಟ ಹುಡುಕೋದು ಯಾವಾಗ? ಹಾಗಾಗಿ ಮಾತು ಬಂತು. ಕೈಗೆ ಒಂದೇ ತಲೆ, ಬಾಯಿಗೆ ಒಮ್ಮೆಗೇ ಮೂರು ಜನ.

ಪುಸ್ತಕ ಸೊಗಸಾಗಿದೆ. ಭಾಷೆಯನ್ನು ಗದ್ದುಗೆಯಿಂದ ಇಳಿಸಿ ಜಗಲಿ ಮೇಲೆ ಕೂರಿಸುತ್ತೆ. ಆದರೆ ನನಗೆ ಮೂರು ತಕರಾರು.

ಒಂದು, 150ರ ಲೆಕ್ಕ. 2021ರಲ್ಲಿ ಸ್ಟಾಕ್‌ಹೋಮ್‌ನ ಸಂಶೋಧಕರು ಅದನ್ನು ಮತ್ತೆ ಹಾಕಿ ನೋಡಿದಾಗ, ಯಾವುದೇ ಒಂದು ಸಂಖ್ಯೆಗೆ ಅಂಟಿಕೊಳ್ಳೋಕೆ ಆಗದಷ್ಟು ಅಗಲದ ಅಂದಾಜು ಬಂತು.

ಎರಡು, ವ್ಯಾಕರಣ. ಬಾಂಧವ್ಯವೇ ಗುರಿಯಾಗಿದ್ದರೆ ಒಟ್ಟಿಗೆ ಗುನುಗಿದ್ದರೂ ಸಾಕಿತ್ತಲ್ಲ? 'ಬರ್ತೀನಿ', 'ಬಂದಿದ್ದೆ', 'ಬರ್ತಿದ್ದೆ, ಆದ್ರೆ...' ಇಷ್ಟೆಲ್ಲ ಯಾಕೆ ಬೇಕಾಯ್ತು? ಯಾರು ಯಾರಿಗೆ ಏನು ಮಾಡಿದರು ಅಂತ ಹೇಳೋಕೆ ವ್ಯಾಕರಣ ಬೇಕು, ನಿಜ. ಆದರೆ ಅದು ಹಂತಹಂತವಾಗಿ ಹೇಗೆ ಬೆಳೆಯಿತು ಅನ್ನೋದಕ್ಕೆ ನನಗೆ ಇಲ್ಲಿ ತೃಪ್ತಿಕರ ಉತ್ತರ ಸಿಗಲಿಲ್ಲ.

ಮೂರನೆಯದು ಮುಖ್ಯ. ಹೇನು ಹೆಕ್ಕುವ ಕೈಗೆ ಬೆಲೆ ಬರೋದೇ ಅದು ಬೇರೆಯವರಿಗೆ ಸಿಗದ ಕಾರಣಕ್ಕೆ. ಆ ಅರ್ಧ ಗಂಟೆ ನಿನಗೇ ಕೊಟ್ಟೆ ಅಂತ ಅರ್ಥ. ಮಾತು ಅಗ್ಗ. ಮೂರು ಜನಕ್ಕೆ ಹಂಚಬಹುದು, ಸುಳ್ಳೂ ಹೇಳಬಹುದು. ಅಗ್ಗದ್ದು ದುಬಾರಿಯದರ ಜಾಗ ಹೇಗೆ ತುಂಬೀತು? ಡನ್‌ಬಾರ್ ಕೂಡ ಮುಂದೆ ನಗು, ಹಾಡುಗಳ ಕಡೆ ಹೊರಳಿದರು.

ನಮ್ಮ ಮನೆಯಲ್ಲಂತೂ ಕೈಯ ಜಾಗಕ್ಕೆ ಮಾತು ಬಂದೇ ಇಲ್ಲ, ಎರಡೂ ಒಟ್ಟಿಗೇ ಇದ್ದವು. ಹಿತ್ತಲ ಮೆಟ್ಟಿಲ ಮೇಲೆ ಅಮ್ಮ ನನ್ನ ತಲೆಗೆ ಎಣ್ಣೆ ಹಚ್ಚಿ, ಹೇನು ನೋಡ್ತಾ ಊರಿನ ಸುದ್ದಿಯನ್ನೆಲ್ಲ ಹೇಳಿ ಮುಗಿಸ್ತಿದ್ದಳು. ಈಗ ನಾನು ಬೆಂಗಳೂರಲ್ಲಿ. ದಿನಾ ರಾತ್ರಿ ಫೋನು ಕಿವಿಗೆ ಸಿಕ್ಕಿಸಿಕೊಂಡು ಪಾತ್ರೆ ತೊಳೀತಾ ಮಾತಾಡ್ತೀನಿ. ಡನ್‌ಬಾರ್ ಲೆಕ್ಕದಲ್ಲಿ ಇದಕ್ಕಿಂತ ಸಮಯ ಉಳಿತಾಯ ಇನ್ನೊಂದಿಲ್ಲ. ಹೋದ ತಿಂಗಳು ಅಮ್ಮ ಅಂದಳು, "ದಿನಾ ಮಾತಾಡ್ತೀಯ, ಸರಿ. ಒಂದ್ಸಲ ಬಂದು ಹೋಗೇ."

ಹೋಗಿದ್ದೆ. ಎಣ್ಣೆ ಹಚ್ಚಿದಳು. ಆ ಹೊತ್ತಲ್ಲಿ ನಾವಿಬ್ಬರೂ ಹೆಚ್ಚೇನೂ ಮಾತಾಡಲಿಲ್ಲ.