ಇಂಗ್ಲಿಷಿನ ಅಂತ್ಯಪ್ರಾಸವೂ ನಮ್ಮ ಕೊನೆಯಕ್ಷರವೂ

ಇಂಗ್ಲಿಷ್ ಕಾವ್ಯದ ಸಹವಾಸದಿಂದ ನಮ್ಮ ಹೊಸ ಕವಿತೆಗೆ ಬಂದ ಹಲವು ವಸ್ತುಗಳಲ್ಲಿ ಎಲ್ಲಕ್ಕಿಂತ ಸುಲಭವಾಗಿ ಕೈಗೆ ಹತ್ತಿದ್ದು ಅಂತ್ಯಪ್ರಾಸ. ಸುಲಭವಾಗಿ ಬಂದುದನ್ನು ಯಾರೂ ತಿರುಗಿಸಿ ನೋಡುವುದಿಲ್ಲ. ಎರಡು ಸಾಲುಗಳ ಕೊನೆಯಲ್ಲಿ ಒಂದೇ ಅಕ್ಷರ ಬಂದರೆ ಪ್ರಾಸ ಕೂಡಿತೆಂದು ನಾವು ಭಾವಿಸಿದ್ದೇವೆ. ಇಂಗ್ಲಿಷಿನಲ್ಲೂ ಹಾಗೆಯೇ ಎಂದು ನಂಬಿದ್ದೇವೆ. ಅಲ್ಲಿ ಹಾಗಿಲ್ಲ. ಆ ಭಾಷೆಯಲ್ಲಿ ಪ್ರಾಸವೆಂದರೇನು, ಅದಕ್ಕೆ ಬೆಲೆ ಬಂದದ್ದು ಹೇಗೆ ಎಂಬುದನ್ನು ವಿಚಾರಿಸಿದರೆ ನಮ್ಮ ಕವಿತೆಯ ಒಂದು ಕೊರತೆಯ ಕಾರಣವೂ ತಿಳಿದೀತು.

ಇಂಗ್ಲಿಷಿನ ಪ್ರಾಸ ಕಿವಿಯದು, ಕಣ್ಣಿನದಲ್ಲ. ಬ್ಲೂ, ಶೂ, ಥ್ರೂ, ಟೂ, ಫ್ಯೂ ಎಂಬ ಐದು ಪದಗಳ ಕೊನೆಯ ಸ್ಪೆಲಿಂಗ್ ಐದು ಬಗೆ. ಕೊನೆಯ ಸ್ವರ ಮಾತ್ರ ಒಂದೇ. ಕಾಫ್, ದೋ, ಥ್ರೂ, ಬೌ ಎಂಬ ನಾಲ್ಕೂ ‘ಓ ಯು ಜಿ ಎಚ್’ ಎಂಬ ಅವೇ ಅಕ್ಷರಗಳಲ್ಲಿ ಮುಗಿದರೂ ಒಂದಕ್ಕೊಂದು ಪ್ರಾಸವಾಗಲಾರವು. ಲವ್ ಮತ್ತು ಮೂವ್ ಇಂದು ಕಣ್ಣಿಗಷ್ಟೇ ಪ್ರಾಸ. ಆದರೆ ಇಂಥ ಜೋಡಿಗಳಲ್ಲಿ ಕೆಲವು ಹಿಂದೆ ಕಿವಿಗೂ ಕೂಡಿಬರುತ್ತಿದ್ದವು. ‘ದಿ ರೇಪ್ ಆಫ್ ದಿ ಲಾಕ್’ ಕಾವ್ಯದಲ್ಲಿ ಪೋಪ್ ಕವಿ ‘ಟೀ’ ಎಂಬುದಕ್ಕೆ ‘ಒಬೇ’ ಎಂಬುದನ್ನು ಜೋಡಿಸಿದ್ದಾನೆ. ಅವನ ಕಾಲದಲ್ಲಿ ಆ ಪಾನೀಯವನ್ನು ‘ಟೇ’ ಎನ್ನುವುದು ರೂಢಿಯಲ್ಲಿತ್ತು. ೨೦೦೪ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದವರು ಭಾಷಾವಿಜ್ಞಾನಿ ಡೇವಿಡ್ ಕ್ರಿಸ್ಟಲ್ ಅವರ ನೆರವಿನಿಂದ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕವನ್ನು ಷೇಕ್ಸ್‌ಪಿಯರನ ಕಾಲದ ಉಚ್ಚಾರಣೆಯಲ್ಲಿ ಆಡಿದರು. ಆ ಉಚ್ಚಾರಣೆಯನ್ನು ಊಹಿಸಲು ವಿದ್ವಾಂಸರಿಗೆ ದೊರೆತ ಸಾಕ್ಷ್ಯಗಳಲ್ಲಿ ಪ್ರಾಸಗಳೂ ಸೇರಿವೆ. ಸತ್ತ ಧ್ವನಿಗಳನ್ನು ಕವಿಗಳ ಪ್ರಾಸ ಕಾಪಾಡಿಟ್ಟಿದೆ.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಇಂಗ್ಲಿಷಿನಲ್ಲಿ ಕೊನೆಯ ಅಕ್ಷರ ಕೂಡಿದರೆ ಸಾಲದು. ಪದದಲ್ಲಿ ಒತ್ತು ಬೀಳುವ ಸ್ವರದಿಂದ ಮೊದಲ್ಗೊಂಡು ಕೊನೆಯವರೆಗೂ ಧ್ವನಿ ಒಂದೇ ಆಗಿರಬೇಕು, ಆ ಸ್ವರದ ಹಿಂದಿನ ವ್ಯಂಜನ ಮಾತ್ರ ಬೇರೆಯಾಗಬೇಕು. ಸಿಂಗಿಂಗ್ ಮತ್ತು ವಾಕಿಂಗ್ ಎರಡೂ ‘ಇಂಗ್’ ಎಂದು ಮುಗಿಯುತ್ತವೆ. ಆದರೂ ಅವು ಪ್ರಾಸವಲ್ಲ. ಸಿಂಗಿಂಗ್ ಮತ್ತು ರಿಂಗಿಂಗ್ ಪ್ರಾಸ. ಒತ್ತು ಬೀಳುವುದು ಪ್ರಕೃತಿಯ ಮೇಲೆ, ‘ಇಂಗ್’ ಬರಿಯ ಪ್ರತ್ಯಯ. ಪ್ರತ್ಯಯದ ಬಲದಿಂದ ಪ್ರಾಸವನ್ನು ಗಿಟ್ಟಿಸಿಕೊಳ್ಳಲು ಈ ನಿಯಮ ಸಾಮಾನ್ಯವಾಗಿ ಎಡೆಗೊಡುವುದಿಲ್ಲ. ಶಬ್ದದ ಅರ್ಥ ಎಲ್ಲಿದೆಯೋ ಅಲ್ಲಿಯೇ ಪ್ರಾಸವೂ ಕೂಡಬೇಕು.

ಪ್ರಾಸ ಆ ಭಾಷೆಗೆ ಹುಟ್ಟಿನಿಂದ ಬಂದದ್ದೂ ಅಲ್ಲ. ‘ಬೇವುಲ್ಫ್’ ಮೊದಲಾದ ಹಳೆಯ ಕಾವ್ಯಗಳು ಸಾಲಿನೊಳಗಿನ ಪದಗಳ ಆದಿಧ್ವನಿಯ ಮೈತ್ರಿಯಿಂದ ನಡೆಯುತ್ತಿದ್ದವು. ೧೦೬೬ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಕಾವ್ಯದ ಪ್ರಭಾವದಿಂದ ಅಂತ್ಯಪ್ರಾಸ ಅಲ್ಲಿ ಬೇರೂರಿತು. ಅದೇ ಕಾಲಾವಧಿಯಲ್ಲಿ ಭಾಷೆ ತನ್ನ ಪ್ರತ್ಯಯಗಳನ್ನು ಒಂದೊಂದಾಗಿ ಕಳಚಿಹಾಕಿತು. ಹೀಗಾಗಿ ಪದಗಳು ಬೋಳಾಗಿ ನಿಂತವು, ಪ್ರಾಸದ ಪದಗಳು ವಿರಳವಾದವು. ‘ಲವ್’ ಎಂಬ ಪದ ಎಷ್ಟು ಕವಿತೆಗಳಿಗೆ ಬೇಕಾಯಿತು! ಅದಕ್ಕೆ ಸಿಕ್ಕುವ ಬಳಕೆಯ ಜೊತೆಗಾರರು ಡವ್, ಅಬವ್, ಗ್ಲವ್, ಶವ್ ಎಂಬ ಮೂರು ನಾಲ್ಕು ಮಂದಿ ಮಾತ್ರ. ‘ಮಂತ್’, ‘ಆರೆಂಜ್’ ಎಂಬುವಕ್ಕೆ ಬಳಕೆಯಲ್ಲಿರುವ ಜೊತೆಯೇ ಇಲ್ಲ. ಇಟಲಿಯ ಪೆಟ್ರಾರ್ಕನ ಸಾನೆಟ್ಟಿನ ಮೊದಲ ಎಂಟು ಸಾಲುಗಳಿಗೆ ಎರಡೇ ಪ್ರಾಸ. ಷೇಕ್ಸ್‌ಪಿಯರನ ಹದಿನಾಲ್ಕು ಸಾಲುಗಳಿಗೆ ಏಳು. ಇಂಗ್ಲಿಷಿಗೆ ಬಂದ ಸಾನೆಟ್ ಹೀಗೆ ಪ್ರಾಸವನ್ನು ಸಡಿಲಿಸಿದ್ದಕ್ಕೆ ಆ ಭಾಷೆಯ ಈ ಬಡತನವೂ ಒಂದು ಕಾರಣ.

ಈ ಬಡತನವೇ ಇಂಗ್ಲಿಷ್ ಪ್ರಾಸದ ಭಾಗ್ಯ. ದೊರೆಯುವುದು ಕಷ್ಟವಾದ್ದರಿಂದ ದೊರೆತಾಗ ಅದಕ್ಕೆ ಬೆಲೆ ಉಂಟು. ‘ಬ್ರೆತ್’ ಎಂದರೆ ಉಸಿರು, ‘ಡೆತ್’ ಎಂದರೆ ಸಾವು; ‘ವೂಮ್’ ಎಂದರೆ ಗರ್ಭ, ‘ಟೂಮ್’ ಎಂದರೆ ಸಮಾಧಿ. ಬಾಳಿನಲ್ಲಿ ಎದುರುಬದುರಾದ ವಸ್ತುಗಳನ್ನು ಭಾಷೆ ಆಕಸ್ಮಿಕವಾಗಿ ಧ್ವನಿಯಲ್ಲಿ ಕೂಡಿಸಿಟ್ಟಿದೆ. ಆ ಆಕಸ್ಮಿಕಕ್ಕೆ ಅರ್ಥ ತುಂಬುವುದು ಕವಿಯ ಕೆಲಸ. ಅಮೆರಿಕದ ವಿಮರ್ಶಕ ವಿಮ್‌ಸಾಟ್ ೧೯೪೪ರ ಒಂದು ಪ್ರಬಂಧದಲ್ಲಿ ಚಾಸರನ ಪ್ರಾಸಗಳನ್ನೂ ಪೋಪನ ಪ್ರಾಸಗಳನ್ನೂ ಹೋಲಿಸಿ, ಧ್ವನಿಯಲ್ಲಿ ಹತ್ತಿರವಾದ ಪದಗಳು ಅರ್ಥದಲ್ಲಿಯೂ ವ್ಯಾಕರಣದಲ್ಲಿಯೂ ದೂರವಾಗಿದ್ದಷ್ಟೂ ಪ್ರಾಸ ಬುದ್ಧಿಯನ್ನು ಚುರುಕುಗೊಳಿಸುತ್ತದೆ ಎಂದು ತೋರಿಸಿದ.

ಬಡತನಕ್ಕೆ ಕೇಡೂ ಉಂಟು. ಇದ್ದ ನಾಲ್ಕು ಜೋಡಿಗಳನ್ನೇ ಎಲ್ಲರೂ ಸವೆಸುತ್ತಾರೆ. ‘ಬ್ರೀಜ್’ ಬಂದ ಕೂಡಲೆ ಮುಂದಿನ ಸಾಲಿನಲ್ಲಿ ‘ಟ್ರೀಜ್’ ಬರುತ್ತದೆಂದು ಪೋಪ್ ೧೭೧೧ರಷ್ಟು ಹಿಂದೆಯೇ ಹಾಸ್ಯ ಮಾಡಿದ್ದ. ೧೭೭೫ರಲ್ಲಿ ಜಾನ್ ವಾಕರ್ ಪದಗಳನ್ನು ಕೊನೆಯಕ್ಷರದಿಂದ ಹಿಂದುಮುಂದಾಗಿ ಜೋಡಿಸಿ ಒಂದು ನಿಘಂಟನ್ನೇ ಹೊರತಂದ. ಪ್ರಾಸವನ್ನು ಒಲ್ಲದವರೂ ಇದ್ದರು. ೧೬೦೨ರಲ್ಲಿ ಕ್ಯಾಂಪಿಯನ್ ಅದನ್ನು ಖಂಡಿಸಿದ, ಮರುವರ್ಷ ಡೇನಿಯಲ್ ಅದರ ಪರವಾಗಿ ವಾದಿಸಿದ; ಖಂಡಿಸಿದ ಕ್ಯಾಂಪಿಯನ್ನನೇ ಪ್ರಾಸದ ಸೊಗಸಾದ ಹಾಡುಗಳನ್ನು ಬರೆದವನೆಂಬುದು ವಿನೋದ. ಮಿಲ್ಟನ್ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯದಲ್ಲಿ ಪ್ರಾಸವನ್ನು ಬಿಟ್ಟುಬಿಟ್ಟ. ಮೊದಲ ಮಹಾಯುದ್ಧದಲ್ಲಿ ಮಡಿದ ವಿಲ್‌ಫ್ರೆಡ್ ಓವೆನ್ ವ್ಯಂಜನಗಳನ್ನು ಉಳಿಸಿಕೊಂಡು ಸ್ವರವನ್ನು ಬದಲಿಸಿದ: ಹಾಲ್, ಹೆಲ್. ಕೂಡಬೇಕಾದದ್ದು ಕೂಡದೆ ಹೋದ ಆ ಅಪಸ್ವರ ಯುದ್ಧದ ಕವಿತೆಗೆ ತಕ್ಕದ್ದೇ ಆಯಿತು. ಪೂರ್ಣಪ್ರಾಸದ ನಿರೀಕ್ಷೆ ಓದುಗನ ಕಿವಿಯಲ್ಲಿ ಗಟ್ಟಿಯಾಗಿದ್ದುದರಿಂದಲೇ ಅದರ ಭಂಗಕ್ಕೆ ಅಷ್ಟು ಶಕ್ತಿ ಬಂದಿತು.

ಇನ್ನು ನಮ್ಮ ಕಡೆ ನೋಡೋಣ. ಕನ್ನಡ ಪ್ರತ್ಯಯಗಳ ಭಾಷೆ. ವಿಭಕ್ತಿಯೂ ಆಖ್ಯಾತವೂ ಪದದ ಕೊನೆಗೇ ಬಂದು ಕೂಡುತ್ತವೆ. ಬಂದನು, ಓದಿದನು, ಮಲಗಿದನು. ಮರದಲ್ಲಿ, ಊರಿನಲ್ಲಿ, ಸಂತೆಯಲ್ಲಿ: ಇವು ಒಂದೇ ಧ್ವನಿಯಲ್ಲಿ ಮುಗಿಯುವುದು ವ್ಯಾಕರಣದ ನಿಯಮದಿಂದ, ಕವಿಯ ಪ್ರಯತ್ನದಿಂದಲ್ಲ. ಅಂಗಡಿಯ ಲೆಕ್ಕದ ಪುಸ್ತಕದಲ್ಲೂ ಇಂಥ ಪ್ರಾಸ ಸಿಕ್ಕೀತು. ಬಹುಶಃ ನಮ್ಮ ಪ್ರಾಚೀನರು ಇದನ್ನು ಬಲ್ಲವರಾಗಿದ್ದರು. ರಗಳೆಗಳಲ್ಲಿ ಅಂತ್ಯಪ್ರಾಸ ಇದ್ದರೂ ಕನ್ನಡ ಪದ್ಯದ ಕಡ್ಡಾಯದ ಕಟ್ಟು ಎರಡನೆಯ ಅಕ್ಷರದ ಪ್ರಾಸವೇ ಆಗಿತ್ತು. ಎರಡನೆಯ ಅಕ್ಷರವೆಂದರೆ ಪದದ ಪ್ರಕೃತಿ; ಅಲ್ಲಿಗೆ ಪ್ರತ್ಯಯದ ಕೈ ಸಾಧಾರಣವಾಗಿ ಎಟುಕದು. ಹೀಗೆ ನೋಡಿದರೆ ಇಂಗ್ಲಿಷಿನ ಅಂತ್ಯಪ್ರಾಸಕ್ಕೆ ನಿಜವಾದ ಬಂಧು ನಮ್ಮ ಆದಿಪ್ರಾಸವೇ ಹೊರತು ನಮ್ಮ ಕೊನೆಯಕ್ಷರವಲ್ಲ.

ಆ ಆದಿಪ್ರಾಸವನ್ನು ೧೯೧೧ರಲ್ಲಿ ಗೋವಿಂದ ಪೈಗಳು ಧೈರ್ಯಮಾಡಿ ಬಿಟ್ಟರು. ಬಿಟ್ಟದ್ದು ಸರಿ; ಪ್ರಾಸಕ್ಕಾಗಿ ಪದವನ್ನು ತಿರುಚುವ ಕಾಟ ಅತಿಯಾಗಿತ್ತು. ೧೯೨೬ರಲ್ಲಿ ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಬಂದ ಮೇಲೆ ಹೊಸ ಲಯಗಳೂ ಹೊಸ ಪದ್ಯಬಂಧಗಳೂ ನಮಗೆ ತೆರೆದವು. ಶ್ರೀಯವರ ಕಿವಿ ಎಂಥದೆಂದು ಹೇಳಬೇಕಾಗಿಲ್ಲ. ಆದರೆ ದಾರಿ ತೋರಿಸಿದವರ ಕಿವಿ ಹಿಂದೆ ಬಂದವರಿಗೆಲ್ಲ ಇರಬೇಕಲ್ಲ! ಅವರಲ್ಲಿ ಅನೇಕರು ಇಂಗ್ಲಿಷ್ ಪ್ರಾಸದ ಸ್ಥಾನವನ್ನು ತಂದರು, ಶಿಸ್ತನ್ನು ತರಲಿಲ್ಲ. ಇಂದಿನ ಭಾವಗೀತೆಗಳಲ್ಲಿ, ಚಿತ್ರಗೀತೆಗಳಲ್ಲಿ, ಮಕ್ಕಳ ಪದ್ಯಗಳಲ್ಲಿ ‘ಅಲ್ಲಿ’ಗೆ ‘ಅಲ್ಲಿ’, ‘ಇದೆ’ಗೆ ‘ಇದೆ’ ಎಷ್ಟು ಬಾರಿ ಬರುತ್ತದೆಂದು ವಾಚಕರೇ ಎಣಿಸಬಹುದು. ಇದು ಪ್ರಾಸವಲ್ಲ, ಪುನರುಕ್ತಿ.

ಅಂತ್ಯಪ್ರಾಸ ಕನ್ನಡಕ್ಕೆ ಒಗ್ಗದೆಂದು ಇದರ ಅರ್ಥವಲ್ಲ. ಪರೀಕ್ಷೆ ಸುಲಭವಾಗಿದೆ: ಪ್ರತ್ಯಯವನ್ನು ಕಳೆದು ನೋಡಬೇಕು. ಬಂದನು, ಓದಿದನು ಎಂಬಲ್ಲಿ ‘ನು’ ತೆಗೆದರೆ ಗಂಟು ಬಿಚ್ಚಿಹೋಗುತ್ತದೆ. ಬಂದನು, ತಂದನು ಎಂಬಲ್ಲಿ ಉಳಿಯುತ್ತದೆ. ಮರದಲ್ಲಿ, ಊರಿನಲ್ಲಿ ಎಂಬುದು ಸಡಿಲ. ಮನದಲ್ಲಿ, ವನದಲ್ಲಿ ಎಂಬುದು ಬಿಗಿ. ಇನ್ನೂ ಮೇಲಾದದ್ದು ಬೇರು ಮತ್ತು ಏರು. ಒಂದು ನಾಮಪದ, ಇನ್ನೊಂದು ಕ್ರಿಯಾಪದ. ಒಂದು ಕೆಳಕ್ಕೆ ಇಳಿಯುವುದು, ಇನ್ನೊಂದು ಮೇಲಕ್ಕೆ ಹೋಗುವುದು. ಬ್ರೆತ್, ಡೆತ್ ಎಂಬ ಜೋಡಿ ಇಂಗ್ಲಿಷಿನಲ್ಲಿ ಮಾಡುವ ಕೆಲಸವನ್ನು ಇಂಥ ಜೋಡಿ ಕನ್ನಡದಲ್ಲಿ ಮಾಡಬಲ್ಲದು. ನಮ್ಮಲ್ಲಿ ಇಂಥವು ಬೇಕಾದಷ್ಟಿವೆ, ಹುಡುಕುವ ಶ್ರಮ ಬೇಕು. ಭಾಷೆಯ ಬಡತನ ಇಂಗ್ಲಿಷ್ ಕವಿಯ ಮೇಲೆ ಹೇರಿದ ಕಷ್ಟವನ್ನು ಕನ್ನಡದ ಕವಿ ತನ್ನ ಸಿರಿಯ ನಡುವೆ ತಾನಾಗಿ ವಹಿಸಿಕೊಳ್ಳಬೇಕಾಗಿದೆ.