‘ನೀಲ’ ಎಂಬ ಪದ ಮತ್ತು ಹರಳು: ನಂಜನಗೂಡು ಸೀಮೆಯ ಒಡವೆಗಳ ಅಧ್ಯಯನ ಕುರಿತು

ನಂಜನಗೂಡು, ತಿ. ನರಸೀಪುರ ಸೀಮೆಯ ಜನಪದ ಒಡವೆಗಳ ಚರ್ಚೆಯಲ್ಲಿ ಹೆಸರುಗಳ ಪಟ್ಟಿ ದೀರ್ಘವಾಗಿರುತ್ತದೆ. ಒಡವೆಯಲ್ಲಿ ಕೂರಿಸಿದ ಹರಳು ಯಾವುದೆಂಬ ಪ್ರಶ್ನೆ ಏಳುವುದು ಅಪರೂಪ. ‘ನೀಲ’ ಎಂದು ಕಂಡೊಡನೆ ಇಂದ್ರನೀಲವೆಂದು ಅರ್ಥೈಸಿಬಿಡುವ ಸುಲಭ ಮಾರ್ಗವೂ ಇದೆ. ಅದು ಒಪ್ಪತಕ್ಕುದಲ್ಲ.

ಪ್ರಾಚೀನ ಜಗತ್ತಿನ ಹೆಸರಾಂತ ನೀಲಿಗಲ್ಲು ರಾಜಾವರ್ತ. ಇಂದಿನ ಅಫ್ಘಾನಿಸ್ತಾನದ ಬದಕ್ಷಾನ್ ಗಣಿಗಳ ಈ ಕಲ್ಲು ಮೆಹರ್‌ಗಢ, ಹರಪ್ಪಗಳಲ್ಲಿ ಮಣಿಯಾಗಿಯೂ, ಕ್ರಿ.ಪೂ. 3ನೆಯ ಸಹಸ್ರಮಾನದ ಊರ್ ರಾಜಸಮಾಧಿಗಳಲ್ಲಿ ಹಾರವಾಗಿಯೂ ದೊರೆತಿದೆ. ಕ್ರಿ.ಶ. 1ನೆಯ ಶತಮಾನದಲ್ಲಿ ರೋಮಿನ ಪ್ಲಿನಿ ‘ಸಫೈರಸ್’ ಎಂದು ವರ್ಣಿಸಿದ್ದು ಚಿನ್ನದ ಚುಕ್ಕೆಗಳುಳ್ಳ ಕಲ್ಲನ್ನು, ಅಂದರೆ ರಾಜಾವರ್ತವನ್ನು. ಆ ಹೆಸರು ಮುಂದೆ ಇಂದ್ರನೀಲಕ್ಕೆ ಸಂದಿತು. ಇವೆರಡರ ಕಸುಬೂ ಬೇರೆ. ಮೋಸ್ ಮಾನದಲ್ಲಿ 5ರ ಆಸುಪಾಸಿನ ರಾಜಾವರ್ತವು ಮುಖ್ಯವಾಗಿ ಕೊರೆದು ಪೋಣಿಸುವ ಮಣಿ. 9ರ ಕಾಠಿಣ್ಯದ ಇಂದ್ರನೀಲವು ಸಾಣೆ ಹಿಡಿದು ಚಿನ್ನದಲ್ಲಿ ಕೂರಿಸುವ ಹರಳು. ಕಲ್ಯಾಣದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ (12ನೆಯ ಶತಮಾನ) ರತ್ನಪರೀಕ್ಷೆಯ ವಿವರವಿದೆಯಾದರೂ ಅದು ಅರಮನೆಯ ಬೊಕ್ಕಸದ ತಿಳಿವಳಿಕೆ. ಅದನ್ನು ಹಳ್ಳಿಯ ಅಕ್ಕಸಾಲಿಗನಿಗೆ ಆರೋಪಿಸಲಾಗದು.

ಮೈಸೂರು ಸೀಮೆಯ ನೆಲದಲ್ಲಿ ಕುರಂದದ ಕಲ್ಲು ಉಂಟು. ಇಂದ್ರನೀಲವೂ ಅದೇ ಖನಿಜದ ನೀಲಿ ರೂಪ. ಆದರೆ ಹೆಂಗಸರ ಓಲೆ, ಮೂಗುತಿಗಳಲ್ಲಿ ಮೆರೆಯುವುದು ಕೆಂಪು, ಬಿಳಿ, ಪಚ್ಚೆ. ನೀಲವು ಶನಿಯ ಹರಳು, ಹೊಂದಿಬರುವುದೇ ಎಂದು ಪರೀಕ್ಷಿಸದೆ ಧರಿಸಬಾರದು ಎಂಬ ಅಂಜಿಕೆ ಅದನ್ನು ಬಹುಮಟ್ಟಿಗೆ ನವರತ್ನದ ಉಂಗುರಕ್ಕೆ ಸೀಮಿತಗೊಳಿಸಿದೆ. ನಂಜುಂಡೇಶ್ವರನ ಸನ್ನಿಧಿಯಲ್ಲಿಯೂ ಪ್ರಸಿದ್ಧವಾಗಿರುವುದು ಟಿಪ್ಪು ಸುಲ್ತಾನನ ಕೊಡುಗೆಯೆನ್ನಲಾಗುವ ಪಚ್ಚೆಯ ಲಿಂಗವೇ. ನಂಜುಂಡವನ ಕೊರಳಿನ ನೀಲಿ ವಿಷದ ಗುರುತು, ಒಡವೆಯದಲ್ಲ.

‘ನೀಲಗಾರ’ ಎಂಬ ಹೆಸರನ್ನು ಹರಳಿಗೆ ಗಂಟುಹಾಕುವುದೂ ಅಷ್ಟೇ ಅಪಾಯಕರ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಕಮ್ಮಾರರ ಮನೆಯ ಮಗ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರಲ್ಲಿ ಬೇಡುವುದು ಕಬ್ಬಿಣದ ಭಿಕ್ಷೆ. ಕಸುಬುದಾರರ ಹಟ, ಅವರು ಒಡ್ಡುವ ಕಠಿಣ ಪರೀಕ್ಷೆಗಳು, ಕೊನೆಗೆ ಅವರ ಸೋಲು: ಇಡೀ ಸಂಘರ್ಷವು ಕುಲುಮೆಯ ಸುತ್ತ ನಡೆಯುತ್ತದೆ. ಕಸುಬಿನ ನೆನಪನ್ನು ಇಷ್ಟು ತೀವ್ರವಾಗಿ ಉಳಿಸಿಕೊಂಡ ಕಾವ್ಯವನ್ನು ಬದಿಗಿಟ್ಟು, ಪದವೊಂದರ ಧ್ವನಿಸಾಮ್ಯದ ಮೇಲೆ ರತ್ನದ ಇತಿಹಾಸ ಕಟ್ಟುವುದು ಅವಸರದ ವಿದ್ವತ್ತು.

ಮೈಸೂರು ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯದಂತಹ ಕಡೆಗಳಲ್ಲಿರುವ ಒಡವೆಗಳನ್ನು ಹರಳು ಯಾವುದು, ಗಾಜೋ ಕಲ್ಲೋ, ಅರಗಿನ ಮೇಲೆ ಕೂರಿಸಿದ್ದೋ ಎಂದು ಮೊದಲು ಪರಿಶೀಲಿಸಬೇಕು. ಚಿಕ್ಕಯ್ಯನಛತ್ರ ಹೋಬಳಿಯಂತಹ ಕಡೆಗಳ ಹಿರಿಯ ಅಕ್ಕಸಾಲಿಗರ ಬಾಯಲ್ಲಿರುವ ಕಸುಬಿನ ಮಾತುಗಳನ್ನು ಯಂತ್ರದ ಸಿದ್ಧ ಒಡವೆ ಪೂರ್ತಿಯಾಗಿ ಅಳಿಸುವ ಮೊದಲೇ ದಾಖಲಿಸಬೇಕು. ಪದದ ಅರ್ಥ ಹೇಳುವ ಸರದಿ ಆಮೇಲಿನದು.